ಆಸೆಗೊಬ್ಬರು, ಅನುಮಾನಕ್ಕೊಬ್ಬರು: ಹಳೆಯ ಪಾತ್ರೆ ಕೊಳ್ಳಲು ಜೊತೆ ಯಾಕೆ ಬೇಕು?

ಆಸೆಪಟ್ಟು ಕೊಂಡ ಹಿತ್ತಾಳೆ ತಪ್ಪಲೆ ಮನೆಗೆ ಬಂದ ಮೇಲೆ ಸೋರುತ್ತದೆ. ಹಿತ್ತಾಳೆಯೆಂದೇ ತಂದ ತಟ್ಟೆ ಹುಣಸೆಹಣ್ಣು ಹಚ್ಚಿ ನಾಲ್ಕು ಸಲ ತಿಕ್ಕುವುದರೊಳಗೆ ಬಣ್ಣ ಬಿಟ್ಟು ಕಬ್ಬಿಣದ ಮೈ ತೋರಿಸುತ್ತದೆ. ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಹಂಡೆಯಂತೂ ಬಂದ ದಿನದಿಂದ ಬಾಲ್ಕನಿಯಲ್ಲೇ ಇದೆ, ಒಳಗೆ ಅದಕ್ಕೆ ಜಾಗವಿಲ್ಲ. ಹಳೆಯ ಪಾತ್ರೆಗಳ ಹುಚ್ಚು ಹತ್ತಿದವರ ಮನೆಯಲ್ಲಿ ಇಂಥ ತಪ್ಪು ಒಂದಾದರೂ ಸಿಗುತ್ತದೆ. ಇವುಗಳಲ್ಲಿ ಯಾವುದನ್ನು ತಪ್ಪಿಸಲೂ ದೊಡ್ಡ ವಿದ್ಯೆ ಬೇಕಿರಲಿಲ್ಲ ಎಂಬುದನ್ನು ಗಮನಿಸಿ. ಒಂದು ಚೊಂಬು ನೀರು, ಒಂದು ಅಯಸ್ಕಾಂತ, ಒಂದು ಅಳತೆ ಟೇಪು ಮತ್ತು ಐದು ನಿಮಿಷದ ತಾಳ್ಮೆ ಇದ್ದಿದ್ದರೆ ಅಂಗಡಿಯಲ್ಲೇ ಎಲ್ಲ ಗೊತ್ತಾಗುತ್ತಿತ್ತು. ನಮ್ಮಲ್ಲಿ ತಿಳಿವಳಿಕೆಗೆ ಕೊರತೆಯಿರಲಿಲ್ಲ. ಇದ್ದ ತಿಳಿವಳಿಕೆ ಆ ಗಳಿಗೆಯಲ್ಲಿ ಕೆಲಸಕ್ಕೆ ಬರಲಿಲ್ಲ, ಅಷ್ಟೇ.

ಯಾಕೆ ಬರಲಿಲ್ಲ ಎಂಬುದಕ್ಕೆ ಕಾರಣವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಮಾತು ಹೇಳಿದರು. ಮಾರುವವನಿಗೆ ಸರಕಿನ ಹುಳುಕು ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಆ ಮಾರುಕಟ್ಟೆಯೇ ಕೆಡುತ್ತದೆ ಎಂಬುದು ಅದರ ತಾತ್ಪರ್ಯ. ಹಳೆಯ ಪಾತ್ರೆಯ ವ್ಯಾಪಾರ ಇದಕ್ಕಿಂತ ವಿಚಿತ್ರ. ಸ್ಟೀಲು ಬಂದ ಕಾಲದಲ್ಲಿ ಮನೆಮನೆಗಳ ಹಿತ್ತಾಳೆ, ತಾಮ್ರ, ಕಂಚು ತಕ್ಕಡಿಗೆ ಬಿತ್ತು. ಗುಜರಿಗೆ ಹೋಗಿ ಕರಗಿದ್ದು ಕರಗಿತು, ಉಳಿದದ್ದು ಇಂದು ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ, ಕಾರೈಕುಡಿಯ ಮುನೀಶ್ವರನ್ ಕೋಯಿಲ್ ಬೀದಿಯಲ್ಲಿ, ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಮುಂಬೈಯ ಚೋರ್ ಬಜಾರಿನಲ್ಲಿ ಕೈಬದಲಾಗುತ್ತಿದೆ. ಇಲ್ಲಿ ಎಷ್ಟೋ ಸಲ ಮಾರುವವನಿಗೂ ವಸ್ತುವಿನ ಪೂರ್ವಾಪರ ಗೊತ್ತಿರುವುದಿಲ್ಲ. ಬಿಲ್ಲಿಲ್ಲ, ಗ್ಯಾರಂಟಿಯಿಲ್ಲ, ವಾಪಸು ತೆಗೆದುಕೊಳ್ಳುವ ಮಾತೇ ಇಲ್ಲ. ಪರೀಕ್ಷೆಯ ಹೊಣೆ ಪೂರ್ತಿ ಕೊಳ್ಳುವವರ ಹೆಗಲಿಗೆ ಬೀಳುತ್ತದೆ. ಆದರೆ ಕೊಳ್ಳುವವರ ಮನಸ್ಸು ಆಗಲೇ ಆ ಪಾತ್ರೆಯನ್ನು ಮನೆಯ ಗೂಡಿನಲ್ಲಿಟ್ಟು ನೋಡುತ್ತಿರುತ್ತದೆ. ಒಂದೇ ತಲೆ ಒಂದೇ ಗಳಿಗೆಯಲ್ಲಿ ವಕೀಲನೂ ನ್ಯಾಯಾಧೀಶನೂ ಆಗುವುದು ಕಷ್ಟ. ಅದಕ್ಕೇ ಈ ಲೇಖನದ ಸಲಹೆ ಇಷ್ಟು: ಎರಡು ಕೆಲಸವನ್ನು ಇಬ್ಬರಿಗೆ ಹಂಚಿ. ಆಸೆಪಡುವುದು ಒಬ್ಬರ ಪಾಲಿಗಿರಲಿ, ಅನುಮಾನಪಡುವುದು ಜೊತೆಗೆ ಬಂದವರ ಪಾಲಿಗಿರಲಿ.

ಜೊತೆಗೆ ಯಾರು?

ಪಾತ್ರೆಗಳ ಬಗ್ಗೆ ಚೆನ್ನಾಗಿ ತಿಳಿದವರನ್ನೇ ಕರೆದೊಯ್ಯುವುದು ಮೇಲಲ್ಲವೇ ಎಂದು ಕೇಳಬಹುದು. ಸಿಕ್ಕರೆ ಒಳ್ಳೆಯದೇ. ಆದರೆ ಬೇಕಾಗಿರುವುದು ಪಂಡಿತರಲ್ಲ, ಆ ವಸ್ತುವಿನ ಮೇಲೆ ಆಸೆಯಿಲ್ಲದ ಒಂದು ಜೊತೆ ಕಣ್ಣು. ಪರೀಕ್ಷೆಗಳೆಲ್ಲ ಯಾರಾದರೂ ಮಾಡಬಹುದಾದಷ್ಟು ಸರಳವಾಗಿವೆ. ಇಬ್ಬರು ಹೋದರೆ ಒಬ್ಬರನ್ನೊಬ್ಬರು ಹುರಿದುಂಬಿಸಿ ದುಪ್ಪಟ್ಟು ಖರ್ಚಾಗುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅದು ನಿಜವೂ ಹೌದು, ಇಬ್ಬರಿಗೂ ಒಂದೇ ಹುಚ್ಚಿದ್ದರೆ. ಕಂಚಿನ ಬಟ್ಟಲೆಂದರೆ ಬಾಯಿಬಿಡುವ ಇಬ್ಬರು ಗೆಳತಿಯರು ಕೂಡಿದರೆ ಆಸೆ ಎರಡಾಗುತ್ತದೆಯೇ ಹೊರತು ಅನುಮಾನ ಹುಟ್ಟುವುದಿಲ್ಲ. ಆದ್ದರಿಂದ ನಿಮ್ಮ ರುಚಿಯೇ ಇರುವವರನ್ನು ಬಿಟ್ಟು ಬೇರೆ ರುಚಿಯವರನ್ನು ಆರಿಸಿಕೊಳ್ಳಿ. ನೀವು ಲೋಹದ ಪಾತ್ರೆ ಹುಡುಕುವವರಾದರೆ ಪಿಂಗಾಣಿಯ ಹುಚ್ಚಿನವರು ಒಳ್ಳೆಯ ಜೊತೆ. ನಿಮ್ಮ ಸರದಿಯಲ್ಲಿ ಅವರು ಅನುಮಾನಪಡಲಿ, ಅವರ ಸರದಿಯಲ್ಲಿ ನೀವು. ಇಬ್ಬರಿಗೂ ಒಂದೇ ವಸ್ತು ಬೇಕಾಗಿ ಮುಖ ಊದಿಸಿಕೊಳ್ಳುವ ಪ್ರಸಂಗವೂ ಆಗ ತಪ್ಪುತ್ತದೆ.

ಮನೆಯಲ್ಲೇ ಮುಗಿಸಬೇಕಾದ ಕೆಲಸ

ಬಜಾರಿನ ಗದ್ದಲದಲ್ಲಿ ಮಾಡಿದ ತೀರ್ಮಾನಕ್ಕಿಂತ ಮನೆಯಲ್ಲಿ ಕಾಫಿ ಕುಡಿಯುತ್ತ ಮಾಡಿದ ತೀರ್ಮಾನ ಗಟ್ಟಿ. ಅಲ್ಲಿ ಪ್ರಶ್ನೆ ಎದ್ದ ಮೇಲೆ ಉತ್ತರ ಹುಡುಕಿದರೆ, ಆಸೆ ತನಗೆ ಬೇಕಾದ ಉತ್ತರವನ್ನೇ ಕೊಟ್ಟುಬಿಡುತ್ತದೆ.

1. ಬೇಕಾದ ವಸ್ತುಗಳ ಪಟ್ಟಿಯನ್ನು ಅಳತೆಯೊಂದಿಗೆ ಬರೆದುಕೊಳ್ಳಿ. ಗೂಡಿನ ಎತ್ತರ, ಒಲೆಯ ಬರ್ನರಿನ ಅಗಲ, ಮುಚ್ಚಳ ಕಳೆದುಕೊಂಡ ಜಾಡಿಯ ಬಾಯಿಯ ಸುತ್ತಳತೆ, ಎಲ್ಲವೂ ಅದರಲ್ಲಿರಲಿ. ಪಟ್ಟಿ ಜೊತೆಗಾರರ ಕೈಯಲ್ಲಿರಬೇಕು. ನಿಮ್ಮ ಕೈಯಲ್ಲಿದ್ದರೆ ತಿದ್ದುತ್ತೀರಿ.

2. ಆ ದಿನದ ಎರಡು ದರ ವಿಚಾರಿಸಿಕೊಳ್ಳಿ: ಗುಜರಿಯವರು ಹಳೆಯ ಹಿತ್ತಾಳೆ, ತಾಮ್ರಕ್ಕೆ ಕಿಲೋಗೆ ಕೊಡುವ ದರ ಒಂದು, ಪಾತ್ರೆ ಅಂಗಡಿಯಲ್ಲಿ ಹೊಸದಕ್ಕೆ ಕೇಳುವ ದರ ಇನ್ನೊಂದು. ಸಾಮಾನ್ಯ ಹಳೆಯ ಪಾತ್ರೆಯ ಬೆಲೆ ಇವೆರಡರ ನಡುವೆ ಇರಬೇಕು. ಹೊಸದರ ದರಕ್ಕಿಂತ ಹೆಚ್ಚು ಕೇಳಿದರೆ ಅದಕ್ಕೆ ಕಾರಣವಾಗಿ ವಿಶೇಷ ಕುಸುರಿಯೋ ಅಪರೂಪದ ಆಕಾರವೋ ಕಣ್ಣಿಗೆ ಕಾಣಬೇಕು.

3. ದುಡ್ಡನ್ನು ಲಕೋಟೆಯಲ್ಲಿಟ್ಟು ಅಷ್ಟನ್ನೇ ಒಯ್ಯಿರಿ. ಫೋನಿನಲ್ಲಿ ಹಣ ಕಳಿಸುವ ಸೌಲಭ್ಯಕ್ಕೆ ಆಸೆಯನ್ನು ತಡೆಯುವ ಶಕ್ತಿಯಿಲ್ಲ.

4. ಚೀಲದಲ್ಲಿ ಇವಿಷ್ಟಿರಲಿ: ಸಣ್ಣ ಅಯಸ್ಕಾಂತ, ಅಳತೆ ಟೇಪು, ಟಾರ್ಚು, ಬಾಟಲಿ ನೀರು, ಹಳೆಯ ಪತ್ರಿಕೆ, ಕೊಂಡಿ ತಕ್ಕಡಿ, ಒರೆಸುವ ಬಟ್ಟೆ.

ಅಂಗಡಿಯಲ್ಲಿ ಆರು ಪರೀಕ್ಷೆ

ಈ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ನಾಲ್ಕು ಕೈ ಬೇಕು. ಜೊತೆ ಬೇಕೆನ್ನುವುದು ಬರೀ ಮನಸ್ಸಿನ ಮಾತಲ್ಲ, ಕೈಯ ಲೆಕ್ಕವೂ ಹೌದು.

1. ಅಯಸ್ಕಾಂತ ಮತ್ತು ತೂಕ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಬೆರಕೆ, ಕಂಚೆಂದರೆ ತಾಮ್ರ ಮತ್ತು ತವರದ ಬೆರಕೆ. ಇವಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣವಿದ್ದು ಹೊರಗೆ ಬರೀ ಲೇಪವಿದೆ ಎಂದರ್ಥ. ಹಿಡಿಯಲ್ಲೋ ಗುಬ್ಬಿಯಲ್ಲೋ ಅಂಟಿದರೆ ಗಾಬರಿ ಬೇಡ, ಅಲ್ಲಿ ಕಬ್ಬಿಣ ಸೇರಿಸುವುದುಂಟು. ಮೈಗೆ ಅಂಟುತ್ತದೆಯೇ ನೋಡಿ. ಬಂಗಾರದ ಬಣ್ಣ ಬಳಿದ ಅಲ್ಯೂಮಿನಿಯಂ ಮಾತ್ರ ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ, ಅದನ್ನು ಹಿಡಿಯುವುದು ತೂಕ. ಅದೇ ಗಾತ್ರದ, ಅದೇ ದಪ್ಪದ ಹಿತ್ತಾಳೆಯ ಮೂರನೆಯ ಒಂದು ಪಾಲಿನಷ್ಟೂ ಅದು ತೂಗುವುದಿಲ್ಲ.

2. ಸದ್ದು. ಪಾತ್ರೆಯನ್ನು ಬಿಗಿಯಾಗಿ ಹಿಡಿದರೆ ಸದ್ದು ಸಾಯುತ್ತದೆ. ಒಬ್ಬರು ಅದನ್ನು ಅಂಗೈ ಮೇಲೆ ಸುಮ್ಮನೆ ಕೂರಿಸಿಕೊಳ್ಳಲಿ, ಇನ್ನೊಬ್ಬರು ಕಿವಿ ಹತ್ತಿರ ತಂದು ಬೆರಳ ಗೆಣ್ಣಿನಿಂದ ಅಂಚಿಗೆ ತಟ್ಟಲಿ. ಸುಮಾರು ಐದರಲ್ಲೊಂದು ಪಾಲು ತವರ ಸೇರಿದ ಗಟ್ಟಿ ಕಂಚು ಘಂಟೆಯಂತೆ ಬಹಳ ಹೊತ್ತು ಗುಂಯ್‌ಗುಡುತ್ತದೆ, ಘಂಟೆಗೆ ಬಳಸುವ ಲೋಹವೂ ಅದೇ. ಹಿತ್ತಾಳೆಯ ನಾದ ಬೇಗ ಇಳಿಯುತ್ತದೆ. ಬಿರುಕಿದ್ದರೆ ಲೋಹವಾಗಲಿ ಪಿಂಗಾಣಿಯಾಗಲಿ ಒಡಕು ದನಿ ಬರುತ್ತದೆ. ಕಂಚು ಬಡಿದರೆ ಬಗ್ಗುವುದಿಲ್ಲ, ಒಡೆಯುತ್ತದೆ. ಹಾಗಾಗಿ ಬಿರುಕು ಬಿಟ್ಟ ಕಂಚನ್ನು ಅಗ್ಗಕ್ಕೆ ಸಿಕ್ಕರೂ ಬಿಡಿ.

3. ಬೆಳಕು. ಟಾರ್ಚು ಹಚ್ಚಿ ಪಾತ್ರೆಯೊಳಗಿಟ್ಟು ಬಾಯಿಗೆ ಬಟ್ಟೆ ಮುಚ್ಚಿ ಹಿಡಿಯಿರಿ. ಜೊತೆಗಾರರು ನೆರಳಿನಲ್ಲಿ ನಿಂತು ತಳವನ್ನೂ ಬೆಸುಗೆಯ ಗೆರೆಯನ್ನೂ ಹೊರಗಿನಿಂದ ನೋಡಲಿ. ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದ ಹಾಗೆ ಮಿನುಗುತ್ತದೆ.

4. ನೀರು. ಪಾತ್ರೆಗೆ ನೀರು ತುಂಬಿಸಿ ಒಣ ಪತ್ರಿಕೆಯ ಮೇಲಿಟ್ಟು ಹತ್ತು ನಿಮಿಷ ಬಿಡಿ. ಬೆಳಕಿಗೆ ಸಿಗದ ಓರೆಯ ಸೀಳು ನೀರಿಗೆ ಸಿಗುತ್ತದೆ, ಕಾಗದದ ಮೇಲೆ ಒದ್ದೆ ಉಂಗುರ ಮೂಡುತ್ತದೆ. ಅಷ್ಟರಲ್ಲಿ ಉಳಿದದ್ದನ್ನು ನೋಡಬಹುದು. ನೀರು ಹಾಕಲು ಅಂಗಡಿಯವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

5. ಬೆಸುಗೆಯ ಬಣ್ಣ. ಹಿತ್ತಾಳೆಯ ಮೇಲೆ ಹಳದಿ ಬೆಸುಗೆ ಇದ್ದರೆ ಅದು ಹೆಚ್ಚು ಶಾಖದಲ್ಲಿ ಮಾಡಿದ ಗಟ್ಟಿ ಕೆಲಸ. ಬೂದು ಬಣ್ಣದ, ಉಗುರಿಗೆ ಮೆತ್ತಗೆ ಸಿಗುವ ತೇಪೆಯಿದ್ದರೆ ಅದು ಸೀಸ ಬೆರೆತ ಬೆಸುಗೆಯಾಗಿರಬಹುದು. ತವರ ಮತ್ತು ಸೀಸದ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗಲು ಶುರುವಾಗುತ್ತದೆ, ಒಗ್ಗರಣೆಯ ಕಾದ ಎಣ್ಣೆಗೆ ಅಷ್ಟು ಬಿಸಿ ಸಾಮಾನ್ಯ. ಇಂಥ ಪಾತ್ರೆ ಹೂಕುಂಡವಾಗಲಿ, ಅಡುಗೆಮನೆಗೆ ಬೇಡ.

6. ಸವೆತ. ಹಳತನವನ್ನು ಹುಸಿಯಾಗಿ ತರುವುದು ಸುಲಭ, ಸವೆತವನ್ನು ಹುಸಿಯಾಗಿ ತರುವುದು ಕಷ್ಟ, ಏಕೆಂದರೆ ಸವೆತಕ್ಕೆ ಕಾರಣವಿರುತ್ತದೆ. ಬಳಸಿದ ಸೌಟಿನ ಅಂಚು ಸುತ್ತಲೂ ಒಂದೇ ಸಮ ಇರುವುದಿಲ್ಲ, ತಳ ಕೆರೆದ ಬದಿ ಮಾತ್ರ ಚಪ್ಪಟೆಯಾಗಿ ತೆಳ್ಳಗಾಗಿರುತ್ತದೆ. ಕೊಳಗದ ತಳದಲ್ಲಿ ನೆಲಕ್ಕೆ ತಾಗುವ ವರ್ತುಲ ನುಣುಪಾಗಿದ್ದು, ನಡುವಿನ ತಗ್ಗಿನಲ್ಲಿ ಮಸಿ ಉಳಿದಿರುತ್ತದೆ. ಚೊಂಬಿನ ಕೊರಳಲ್ಲಿ ಬೆರಳು ಹಿಡಿಯುವ ಕಡೆ ಹೊಳಪಿರುತ್ತದೆ, ಗೆರೆಗಳ ಸಂದಿನಲ್ಲಿ ಕಿಲುಬು ಇರುತ್ತದೆ. ರಾಸಾಯನಿಕ ಬಳಿದು ಕಪ್ಪಾಗಿಸಿದ ಹೊಸ ಪಾತ್ರೆಯಲ್ಲಿ ಈ ವ್ಯತ್ಯಾಸವಿರುವುದಿಲ್ಲ: ಕೈ ತಾಗುವ ಕಡೆಯೂ ತಾಗದ ಕಡೆಯೂ ಒಂದೇ ಕಪ್ಪು. ಪಾತ್ರೆಯನ್ನು ಜೊತೆಗಾರರ ಕೈಗಿಟ್ಟು, “ಇದನ್ನು ಎಲ್ಲಿ ಹಿಡಿಯುತ್ತಿದ್ದರು, ಎಲ್ಲಿ ಉಜ್ಜುತ್ತಿದ್ದರು?” ಎಂದು ಕೇಳಿ. ಅವರ ಬೆರಳು ಹೋದ ಕಡೆ ಸವೆತ ಇರಬೇಕು.

ಕಾಲವನ್ನು ಅಂದಾಜು ಮಾಡಲು ಇನ್ನೆರಡು ಆಧಾರಗಳಿವೆ. ಎನಾಮೆಲ್ ತಟ್ಟೆಯ ಬೆನ್ನಿನ ಮೇಲೆ ಜೆಕೊಸ್ಲೊವಾಕಿಯ ಎಂದಿದ್ದರೆ ಅದು ಆ ದೇಶ ಬದುಕಿದ್ದ 1918ರಿಂದ 1992ರ ನಡುವಿನದು. ಸೇರು, ಪಾವುಗಳ ಮೇಲೆ ಸರ್ಕಾರದ ಮುದ್ರೆಯಿದ್ದರೆ, ಮೆಟ್ರಿಕ್ ಪದ್ಧತಿಗೆ ದಾರಿಮಾಡಿದ 1956ರ ಕಾಯ್ದೆ ಪೂರ್ತಿ ಜಾರಿಗೆ ಬರುವ ಮುಂಚಿನದಿರಬೇಕು. ಆದರೆ ಮುದ್ರೆಯನ್ನೂ ನಕಲು ಮಾಡುತ್ತಾರೆ. ಅದಕ್ಕೇ ಮುದ್ರೆಯ ಮಾತನ್ನು ಸವೆತದ ಮಾತಿನೊಂದಿಗೆ ತಾಳೆ ನೋಡಿ. ಎರಡೂ ಒಂದೇ ಕಥೆ ಹೇಳಬೇಕು. ಕಣ್ಣು ಪಳಗಿಸಿಕೊಳ್ಳಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೋ ಮಣಿಪಾಲದ ಹೆರಿಟೇಜ್ ವಿಲೇಜ್‌ಗೋ ಒಮ್ಮೆ ಹೋಗಿಬನ್ನಿ. ಕೊಳ್ಳಲಾಗದ ಜಾಗದಲ್ಲಿ ನೋಡುವ ಕಣ್ಣು ಬೇಗ ಕಲಿಯುತ್ತದೆ.

ಚೌಕಾಸಿ: ಒಬ್ಬರ ಬಾಯಿ, ಇನ್ನೊಬ್ಬರ ಮೌನ

ಬೆಲೆ ಮಾತಾಡುವ ಕೆಲಸ ಆಸೆಪಟ್ಟವರದಲ್ಲ. ಅವರ ಕೈ ಆಗಲೇ ಪಾತ್ರೆಯನ್ನು ಎದೆಗವಚಿಕೊಂಡಿರುತ್ತದೆ, ಅಂಗಡಿಯವರಿಗೆ ಅಷ್ಟು ಸಾಕು. ಮಾತು ಜೊತೆಗಾರರು ಆಡಲಿ. ಅದಕ್ಕೆ ಮೊದಲು ಅವರು ನಿಮ್ಮನ್ನು ಮೂರು ಪ್ರಶ್ನೆ ಕೇಳಬೇಕು: ಎಲ್ಲಿಡುತ್ತೀಯ? ಏನಕ್ಕೆ ಬಳಸುತ್ತೀಯ? ಯಾರು ಬೆಳಗುತ್ತಾರೆ? ಮೂರನೆಯದಕ್ಕೆ ತಡವರಿಸಿದವರು ಹಿತ್ತಾಳೆ ಕೊಳ್ಳದಿರುವುದು ಲೇಸು. ಆಮೇಲೆ ನಿಜವಾದ ಬೆಲೆಯನ್ನು ಲೆಕ್ಕ ಹಾಕಿ: ಕೇಳಿದ ದುಡ್ಡಿಗೆ ಕಲಾಯಿಯ ಖರ್ಚು, ಬೆಸುಗೆ ರಿಪೇರಿ, ಆಟೋ ಬಾಡಿಗೆ ಕೂಡಿಸಿ. ಈ ಮೊತ್ತ ಹೊಸದರ ಬೆಲೆಯನ್ನು ದಾಟಿದರೆ, ಹಳತನಕ್ಕೆ ಎಷ್ಟು ಕೊಡುತ್ತಿದ್ದೀರಿ ಎಂಬುದು ಅಂಕೆಯಲ್ಲೇ ಕಾಣುತ್ತದೆ. ಕೊಡುವುದು ತಪ್ಪಲ್ಲ, ಗೊತ್ತಿದ್ದು ಕೊಡಬೇಕು.

ಬೀದಿಬದಿಯ ಬಡ ವ್ಯಾಪಾರಿಯ ಮುಂದೆ ಇಬ್ಬರು ಸೇರಿ ನಾಟಕವಾಡುವುದು ನ್ಯಾಯವೇ ಎಂದು ಕೇಳಿದರೆ, ನಾಟಕ ನ್ಯಾಯವಲ್ಲ ಎಂಬುದೇ ಉತ್ತರ. ಇಲ್ಲದ ಹುಳುಕು ಹೇಳುವುದು, ಸುಳ್ಳು ಕಷ್ಟ ತೋಡಿಕೊಳ್ಳುವುದು ಬೇಡ. ಇರುವ ತೂತನ್ನು ತೋರಿಸಿ, ತೂಕ ಹಾಕಿಸಿ, ದರ ಹೇಳಿ ಕೇಳುವುದು ಮಾತ್ರ ಚೌಕಾಸಿ. ಹಾಗೆ ಕೇಳಿದವರಿಗೆ ಮುಂದಿನ ಸಲ ಒಳ್ಳೆಯ ಸರಕನ್ನು ತೆಗೆದಿಡುವ ವ್ಯಾಪಾರಿಗಳಿದ್ದಾರೆ. ಪರೀಕ್ಷಿಸಿ ಕೊಂಡವರು ಆಮೇಲೆ ಜಗಳಕ್ಕೆ ಬರುವುದಿಲ್ಲ ಎಂಬುದು ಅವರಿಗೂ ಗೊತ್ತು.

ಎಚ್ಚರಿಕೆಗಳು

1. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯಲ್ಲಿ ಹುಳಿ ಅಡುಗೆ ಮಾಡಬೇಡಿ. ಹುಣಸೆ, ಟೊಮೆಟೊ, ಮಜ್ಜಿಗೆ ಲೋಹವನ್ನು ಕರಗಿಸಿಕೊಂಡು ಅಡುಗೆಗೆ ಬೆರೆಸುತ್ತವೆ. ಕಲಾಯಿಯೆಂದರೆ ಕಾದ ಪಾತ್ರೆಗೆ ನವಸಾಗರ ಉಜ್ಜಿ ಹಚ್ಚುವ ತವರದ ತೆಳು ಪದರ. ತವರ 232 ಡಿಗ್ರಿಯಲ್ಲಿ ಕರಗುವುದರಿಂದ ಕಲಾಯಿ ಪಾತ್ರೆಯನ್ನು ಖಾಲಿಯಾಗಿ ಉರಿಯ ಮೇಲಿಡಬಾರದು. ಕಲಾಯಿ ಹಾಕಿಸುವಾಗ ಸೀಸ ಬೆರೆಸದ ಶುದ್ಧ ತವರವನ್ನೇ ಕೇಳಿ.

2. ಹಳೆಯ ಈಯದ ಸಾರಿನ ಚೊಂಬನ್ನು ಬಳಕೆಗೆ ಕೊಳ್ಳದಿರುವುದೇ ಕ್ಷೇಮ. ಶುದ್ಧ ತವರದ್ದೋ ಸೀಸ ಬೆರೆತದ್ದೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಸೀಸ ಮೈಯಲ್ಲಿ ಶೇಖರವಾಗುವ ವಿಷ, ಮಕ್ಕಳಿಗೆ ಇನ್ನೂ ಅಪಾಯ.

3. ಪಿಂಗಾಣಿಯ ಹೊಳಪಿನಲ್ಲಿ ಬಲೆಯಂಥ ಸಣ್ಣ ಗೆರೆಗಳಿದ್ದರೆ, ಅಥವಾ ಒಳಮೈಯಲ್ಲಿ ಕಡು ಕೆಂಪು, ಕಿತ್ತಳೆ ಬಣ್ಣಗಳಿದ್ದರೆ ಅಲಂಕಾರಕ್ಕೆ ಮಾತ್ರ ಇಡಿ. ಹಳೆಯ ಹೊಳಪುಗಳಲ್ಲಿ ಸೀಸ, ಈ ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರುವುದುಂಟು. ಅಮೆರಿಕದ ಥ್ರಿಫ್ಟ್ ಅಂಗಡಿಗಳಲ್ಲಿ ಹುಡುಕುವ ಕನ್ನಡಿಗರು ಫಿಯೆಸ್ಟಾ ಎಂಬ ಹೆಸರಿನ ಹಳೆಯ ಕೆಂಪು ತಟ್ಟೆಗಳಲ್ಲಿ ಊಟ ಮಾಡದಿರಲಿ, 1943ರವರೆಗೆ ಮತ್ತು 1959ರಿಂದ 1972ರವರೆಗೆ ಆ ಕೆಂಪಿಗೆ ಯುರೇನಿಯಂ ಬಳಸಲಾಗಿತ್ತು. ಉಪ್ಪಿನಕಾಯಿ ಜಾಡಿಯ ಹೊರಮೈಯಲ್ಲಿ ಬಿಳಿ ಉಪ್ಪು ಪುಡಿಪುಡಿಯಾಗಿ ಎದ್ದಿದ್ದರೆ ಹೊಳಪಿನ ಪದರ ಸೋತು ಉಪ್ಪು ಮೈಯೊಳಗಿಂದ ಹಾದು ಬಂದಿದೆ ಎಂದರ್ಥ. ಅದು ಇನ್ನು ಉಪ್ಪಿನಕಾಯಿಗೆ ಬಾರದು.

4. ಹಳೆಯ ಪ್ರೆಶರ್ ಕುಕ್ಕರ್, ವೈರು ಒಣಗಿದ ಇಸ್ತ್ರಿಪೆಟ್ಟಿಗೆ, ಮಿಕ್ಸಿಗಳನ್ನು ಬಳಕೆಗೆಂದು ಕೊಳ್ಳಬೇಡಿ.

5. ದಂತದ ಹಿಡಿಯ ವಸ್ತು ಮುಟ್ಟಬೇಡಿ, ದಂತದ ವ್ಯಾಪಾರ ಕಾನೂನುಬಾಹಿರ. ದೇವಸ್ಥಾನದ ಹೆಸರು ಕೆತ್ತಿದ ದೀಪ, ಘಂಟೆ ಕಂಡರೆ ದೂರವಿರಿ. ನೂರು ವರ್ಷ ದಾಟಿದ ಕುಸುರಿಯ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರಬಹುದು, ಅಂಥದನ್ನು ವಿದೇಶಕ್ಕೆ ಒಯ್ಯುವಂತಿಲ್ಲ. ಮಗಳ ಮನೆಗೆಂದು ಸೂಟ್‌ಕೇಸಿಗೆ ಹಾಕುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೆಸರಿಗೆ ಮರುಳಾಗುವುದು ಮೊದಲನೆಯದು. ಬೆಳ್ಳಗಿರುವುದೆಲ್ಲ ಹಾಲಲ್ಲ: ಜರ್ಮನ್ ಸಿಲ್ವರಿನಲ್ಲಿ ಇರುವುದು ತಾಮ್ರ, ನಿಕ್ಕಲ್, ಸತು, ಬೆಳ್ಳಿಯ ಚೂರೂ ಇಲ್ಲ. ಎರಡನೆಯದು, ಬಿಡಿಭಾಗ ಎಣಿಸದಿರುವುದು. ಹಿತ್ತಾಳೆಯ ಚಕ್ಕುಲಿ ಒರಳು ಎಷ್ಟೇ ಚೆಂದವಿದ್ದರೂ ಬಿಲ್ಲೆಗಳಿಲ್ಲದಿದ್ದರೆ ಅದು ಕೊಳವೆ. ಕಾಫಿ ಫಿಲ್ಟರಿನ ಮೇಲಿನ ಪಾತ್ರೆ ಕೆಳಗಿನದಕ್ಕೆ ಬಿಗಿಯಾಗಿ ಕೂರದಿದ್ದರೆ ಡಿಕಾಕ್ಷನ್ ಹೊರಗೆ ಚೆಲ್ಲುತ್ತದೆ. ಮೂರನೆಯದು, ತುಕ್ಕನ್ನೂ ಬಿರುಕನ್ನೂ ಒಂದೇ ಎಂದು ತಿಳಿಯುವುದು. ಬೀಡಿನ ಕಾವಲಿಯ ತುಕ್ಕು ತಿಕ್ಕಿದರೆ ಹೋಗುತ್ತದೆ, ಎಣ್ಣೆ ಹಚ್ಚಿ ಕಾಯಿಸುತ್ತ ಬಂದರೆ ಮತ್ತೆ ದೋಸೆ ಏಳುತ್ತದೆ. ಬಿರುಕಿಗೆ ಮದ್ದಿಲ್ಲ. ಕಾವಲಿಯನ್ನು ಸಮನೆಲದ ಮೇಲಿಟ್ಟು ಎದುರುಬದುರು ಒತ್ತಿ ನೋಡಿ, ಅಲುಗಾಡಿದರೆ ತಳ ಸೊಟ್ಟಗಿದೆ. ನಾಲ್ಕನೆಯದು, ಕೊಂಡ ಕೂಡಲೇ ಯಂತ್ರದಲ್ಲಿ ಪಾಲಿಶ್ ಹಾಕಿಸುವುದು. ತೆಳುವಾದ ಹಳೆಯ ಮೈ ಇನ್ನೂ ತೆಳುವಾಗಿ, ಗೆರೆ ಕುಸುರಿಗಳೆಲ್ಲ ಅಳಿಸುತ್ತವೆ. ಹುಣಸೆಹಣ್ಣು, ಬೂದಿ ಸಾಕು.

ಯಾರೋ ಉಂಡ ಪಾತ್ರೆ ನಮಗೇಕೆ ಎಂಬ ಹಿಂಜರಿಕೆಯೂ ಉಂಟು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ನಮ್ಮ ಮನೆಗಳ ಸಂಪ್ರದಾಯವೇ ಇದಕ್ಕೆ ಉತ್ತರ ಕೊಟ್ಟಿದೆ: ಮಣ್ಣಿನ ಮಡಕೆ ಹೀರಿಕೊಳ್ಳುತ್ತದೆಂದು ಎಸೆಯುತ್ತಿದ್ದರು, ಲೋಹವನ್ನು ಬೂದಿ ಹುಳಿ ಹಾಕಿ ಬೆಳಗಿ ಒಳಗೆ ತರುತ್ತಿದ್ದರು. ಚೆನ್ನಾಗಿ ತಿಕ್ಕಿ, ನೀರು ಕುದಿಸಿ ಚೆಲ್ಲಿ, ಬೇಕಾದರೆ ಕಲಾಯಿ ಹಾಕಿಸಿದ ಪಾತ್ರೆಯ ಒಳಮೈ ಹೊಸದೇ.

ಕೊನೆಯದಾಗಿ ಒಂದು ಮಾತು. ಹಳೆಯ ಪಾತ್ರೆಯ ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಉಳಿಯಿಂದ ಹೊಡೆದ ಹೆಸರು ಇರುತ್ತದೆ, ಕೆಲವೊಮ್ಮೆ ಊರು, ಮದುವೆಯ ತಾರೀಖು ಕೂಡ. ಬೇರೆಯವರ ಹೆಸರೇಕೆಂದು ಅದನ್ನು ಉಜ್ಜಿಸಬೇಡಿ. ಬಿಲ್ಲು, ಸಾಕ್ಷಿ ಯಾವುದೂ ಇಲ್ಲದ ಈ ವ್ಯಾಪಾರದಲ್ಲಿ ಆ ಪಾತ್ರೆ ಎಲ್ಲಿಂದ ಬಂತೆಂದು ಹೇಳುವುದು ಎಷ್ಟೋ ಸಲ ಅದೊಂದೇ. ನಿಮ್ಮ ಹೆಸರು ಬೇಕಿದ್ದರೆ ಪಕ್ಕದಲ್ಲಿ ಹೊಡೆಸಿ, ಇಸವಿಯನ್ನೂ ಸೇರಿಸಿ. ಮುಂದೆ ಎಂದೋ ಯಾರೋ ಇಬ್ಬರು ಅದನ್ನು ಬಜಾರಿನಲ್ಲಿ ಎತ್ತಿ ತಿರುಗಿಸಿ ನೋಡುವಾಗ, ಅನುಮಾನದ ಪಾಳಿಯವರಿಗೆ ಅದೊಂದು ಆಧಾರವಾದೀತು.